ಆರು ವರ್ಷದಿಂದ ಕುಡಿಯುತ್ತಿರುವ ಮೆಥಡೋನನ್ನು ಊರಿಗೆ ಬಂದ ಕೂಡಲೇ ನಿಲ್ಲಿಸಬಹುದೇ?

ಉಪ್ಪಳದ ತಮ್ಮ

ಎಲ್ಲರಿಗೂ ನಮಸ್ಕಾರ. ಹೆಸರು ಮರೆಸಿ ಕೇಳುತ್ತಿದ್ದೇನೆ, ಬೇಸರಿಸಬೇಡಿ. ನಮ್ಮಲ್ಲಿ ಒಂದು ಮಾತು ಬಸ್ ನಿಲ್ದಾಣ ದಾಟುವಷ್ಟರಲ್ಲಿ ಹತ್ತಾಗುತ್ತದೆ.

ಅಣ್ಣ ಇಂಗ್ಲೆಂಡಿನಲ್ಲಿ ಗೋದಾಮಿನ ಕೆಲಸದಲ್ಲಿದ್ದ. ಬೆನ್ನಿಗೆ ಪೆಟ್ಟಾಗಿ ನೋವಿನ ಮಾತ್ರೆ ಶುರುವಾಯಿತು, ಅದು ಹೆರಾಯಿನ್‌ವರೆಗೂ ಹೋಯಿತು. ಅಲ್ಲಿನ ಕ್ಲಿನಿಕ್ಕಿನವರು ಹೆರಾಯಿನ್ ಬದಲಿಗೆ ಅಳತೆಯಲ್ಲಿ ಕೊಡುವ ಮೆಥಡೋನ್ ಎಂಬ ಮದ್ದು ಕೊಡತೊಡಗಿದ ಮೇಲೆ ಸರಿಯಾದ. ಆರು ವರ್ಷದಿಂದ ಅದನ್ನೇ ಕುಡಿಯುತ್ತಿದ್ದಾನೆ, ಈಗ ದಿನಕ್ಕೆ 70 ಮಿಲಿಗ್ರಾಂ. ತಪ್ಪದೆ ಕೆಲಸಕ್ಕೆ ಹೋಗುತ್ತಿದ್ದ, ಮನೆಗೆ ಹಣ ಕಳುಹಿಸುತ್ತಿದ್ದ. ನಮಗೆ ಯಾರಿಗೂ ಗೊತ್ತೇ ಇರಲಿಲ್ಲ.

ಅಮ್ಮನಿಗೆ ಹುಷಾರಿಲ್ಲವೆಂದು ಈಗ ಊರಿಗೆ ಬಂದಿದ್ದಾನೆ, ಬೇಗ ಹಿಂದಿರುಗುವ ಹಾಗಿಲ್ಲ. ಕಂದು ಬಾಟಲಿಗಳಲ್ಲಿ ಹಸಿರು ದ್ರವ, ಒಂದು ಅಳತೆಯ ಲೋಟ, ವೈದ್ಯರ ಪತ್ರ ಎಲ್ಲವೂ ಪೆಟ್ಟಿಗೆಯಲ್ಲಿತ್ತು. ಅಪ್ಪನ ಕಣ್ಣಿಗೆ ಬಿತ್ತು. ಊರಿನ ಗಾಳಿ, ಮನೆಯ ಊಟ ಸಿಕ್ಕಿದ ಮೇಲೆ ಆ ವಿಷ ಯಾಕೆ ಎನ್ನುತ್ತಾರೆ. ಮುಂದಿನ ವಾರ ಕುಟುಂಬದ ಮನೆಯಲ್ಲಿ ನೇಮ ಇದೆ. ದೈವದ ಎದುರು ಮಾತು ಕೊಟ್ಟು ಅಂದಿನಿಂದಲೇ ಬಿಟ್ಟುಬಿಡಬೇಕು ಎಂಬುದು ಅಪ್ಪನ ಹಟ. ಅಣ್ಣನೂ ನಾಚಿಕೆಯಿಂದ ಒಪ್ಪಿಬಿಟ್ಟಿದ್ದಾನೆ. ಉಳಿದಿರುವುದು ಎರಡು ವಾರದ ಮದ್ದು ಮಾತ್ರ. ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೆ? ಗೊತ್ತಿದ್ದವರು ಹೇಳಿ.

ಪೆರ್ಲದ ಮಾವ

ನಿನ್ನ ಅಪ್ಪ ಹೇಳಿದ್ದರಲ್ಲಿ ತಪ್ಪೇನಿದೆ ತಮ್ಮಾ? ಹೆರಾಯಿನ್ ಬಿಡಿಸಲು ಇನ್ನೊಂದು ಅಮಲಿನ ಮದ್ದು ಕೊಡುವುದೆಂದರೆ ಹುಲಿಯನ್ನು ಓಡಿಸಲು ಚಿರತೆ ಸಾಕಿದ ಹಾಗೆ. ನಮ್ಮ ಕಡೆ ಮದ್ಯವರ್ಜನ ಶಿಬಿರದಲ್ಲಿ ಎಷ್ಟು ಜನ ಒಂದೇ ವಾರದಲ್ಲಿ ಕುಡಿತ ಬಿಟ್ಟು ಮನುಷ್ಯರಾಗಿಲ್ಲ? ಎಂಟು ದಿನ ಹಲ್ಲು ಕಚ್ಚಿ ಕೂತರೆ ಮುಗಿಯಿತು. ಮನಸ್ಸು ಗಟ್ಟಿ ಇರಬೇಕು ಅಷ್ಟೇ.

ಸಿಸ್ಟರ್, ಮುಳ್ಳೇರಿಯ

ಮಾವ, ಶಿಬಿರದ ಬಗ್ಗೆ ನನಗೂ ಗೌರವವಿದೆ. ಆದರೆ ಈ ಮದ್ದಿನ ವಿಷಯದಲ್ಲಿ ಎಂಟು ದಿನದ ಲೆಕ್ಕವೇ ತಪ್ಪು. ಹೆರಾಯಿನ್ ನಿಲ್ಲಿಸಿದವನಿಗೆ ಎಂಟರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಸಂಕಟ ಶುರುವಾಗಿ, ನಾಲ್ಕರಿಂದ ಹತ್ತು ದಿನಗಳಲ್ಲಿ ಇಳಿಯುತ್ತದೆ. ಮೆಥಡೋನ್ ದೇಹದಿಂದ ನಿಧಾನವಾಗಿ ಹೋಗುವ ಮದ್ದು. ಸಂಕಟ ಶುರುವಾಗಲು ಎರಡು ದಿನವೂ ಹಿಡಿಯಬಹುದು, ಹತ್ತರಿಂದ ಇಪ್ಪತ್ತು ದಿನ ಎಳೆಯಬಹುದು. ನಿದ್ದೆಗೇಡು, ಮನಸ್ಸಿನ ಕುಗ್ಗು ಅದಕ್ಕಿಂತಲೂ ಆಚೆಗೆ ಉಳಿಯುತ್ತವೆ. ಶಿಬಿರದ ಸಮಾರೋಪದ ದಿನ ಈ ಮನುಷ್ಯ ಇನ್ನೂ ನಡುನೀರಿನಲ್ಲಿರುತ್ತಾನೆ.

ತಮ್ಮಾ, ನಿಲ್ಲಿಸಿದ ಮೊದಲ ದಿನ ಅಣ್ಣನಿಗೆ ಏನೂ ಆಗದಿರಬಹುದು. "ನೋಡಿದೆಯಾ, ಇಷ್ಟೇ" ಎಂದು ಮನೆಯವರೆಲ್ಲ ಖುಷಿಪಡುತ್ತಾರೆ. ಆಮೇಲೆ ಒಂದೇ ಸಮನೆ ಆಕಳಿಕೆ, ಮೂಗು ಕಣ್ಣುಗಳಲ್ಲಿ ನೀರು, ಮೈಯೆಲ್ಲ ರೋಮಾಂಚನ, ಬೆವರು. ಕಾಲುಗಳನ್ನು ಇಟ್ಟಲ್ಲಿ ಇಡಲಾಗದು. ಹೊಟ್ಟೆ ಹಿಂಡುವುದು, ವಾಂತಿ, ಭೇದಿ. ನಾನು ಆರೈಕೆ ಮಾಡಿದ ಒಬ್ಬರು ರಾತ್ರಿಯಿಡೀ ಮಂಚದ ಕಟ್ಟಿಗೆ ಪಾದ ಉಜ್ಜಿ ಉಜ್ಜಿ ಹಿಮ್ಮಡಿಯ ಚರ್ಮವೇ ಕಿತ್ತುಹೋಗಿತ್ತು. ಅವರು ಗಟ್ಟಿ ಮನಸ್ಸಿನವರೇ ಆಗಿದ್ದರು.

ಉಪ್ಪಳದ ತಮ್ಮ

ಸಿಸ್ಟರ್, ಇದರಿಂದ ಜೀವಕ್ಕೆ ಅಪಾಯವಿದೆಯೇ? ಸಂಕಟ ಎಷ್ಟಿದ್ದರೂ ಜೀವ ಹೋಗುವುದಿಲ್ಲ ಎಂದು ಅಣ್ಣ ಅಂತರ್ಜಾಲದಲ್ಲಿ ಓದಿದ್ದಾನಂತೆ.

ಮನೋವೈದ್ಯೆ, ದೇರಳಕಟ್ಟೆ

ಅಣ್ಣ ಓದಿದ್ದು ಅರ್ಧ ನಿಜ, ಉಳಿದರ್ಧವನ್ನು ಯಾರೂ ಬರೆಯುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಗಟ್ಟಿಮುಟ್ಟಾದ ವಯಸ್ಕರಿಗೆ ಈ ಸಂಕಟವೇ ನೇರವಾಗಿ ಪ್ರಾಣಕ್ಕೆ ಬರುವುದು ಕಡಿಮೆ. ಆದರೆ ವಾಂತಿಭೇದಿ ನಿಲ್ಲದೆ ದೇಹದ ನೀರು, ಲವಣ ಬತ್ತಿದರೆ ಸಾವು ಬರಬಹುದು. ಹೊರದೇಶಗಳ ಜೈಲುಗಳಲ್ಲಿ ಹಾಗೆ ಸತ್ತವರಿದ್ದಾರೆ. ಮೆಥಡೋನ್ ಹೃದಯದ ವಿದ್ಯುತ್ ಲಯವನ್ನೂ ಸ್ವಲ್ಪ ಬದಲಿಸುತ್ತದೆ. ಮದ್ದು ರಕ್ತದಲ್ಲಿ ಇನ್ನೂ ಇರುವಾಗಲೇ ಭೇದಿಯಿಂದ ಪೊಟ್ಯಾಸಿಯಂ ಇಳಿದರೆ ಆ ಅಪಾಯ ಹೆಚ್ಚುತ್ತದೆ. ಆದ್ದರಿಂದ ವಯಸ್ಸಾದವರು, ಹೃದಯದ ತೊಂದರೆ ಇರುವವರು ಮನೆಯಲ್ಲಿ ಇಂಥ ಸಾಹಸ ಮಾಡಲೇಬಾರದು.

ನಿಜವಾಗಿ ನಾನು ಹೆದರುವುದು ಆ ಕೆಟ್ಟ ದಿನಗಳಿಗಲ್ಲ, ಅವು ಮುಗಿದ ಮೇಲಿನ ದಿನಗಳಿಗೆ. ಆರು ವರ್ಷದಲ್ಲಿ ಅಣ್ಣನ ದೇಹ 70 ಮಿಲಿಗ್ರಾಂ ತಾಳಿಕೊಳ್ಳುವುದನ್ನು ಕಲಿತಿದೆ. ನಿಲ್ಲಿಸಿದ ಕೆಲವೇ ದಿನಗಳಲ್ಲಿ ಆ ತಾಳಿಕೆ ಕರಗತೊಡಗುತ್ತದೆ, ಆದರೆ ಆಸೆ ಹಾಗೆಯೇ ಇರುತ್ತದೆ. ಹಲ್ಲು ಕಚ್ಚಿ ಎರಡು ವಾರ ಕಳೆದವನು ಒಂದು ರಾತ್ರಿ ಸೋತು, ಮೊದಲಿನ ಪ್ರಮಾಣವನ್ನೇ ಒಮ್ಮೆಗೆ ತೆಗೆದುಕೊಂಡರೆ ಉಸಿರಾಟ ನಿಂತುಹೋಗುತ್ತದೆ. ಸಾಯುವವರಲ್ಲಿ ಬಹಳ ಮಂದಿ ಹೀಗೆ, "ಬಿಟ್ಟ" ಮೇಲೆ ಸಾಯುವವರು. ಬ್ರಿಟಿಷ್ ಮೆಡಿಕಲ್ ಜರ್ನಲ್ 2017ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ಲೆಕ್ಕ ಹೀಗಿದೆ. ಮೆಥಡೋನ್ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ವರ್ಷಕ್ಕೆ ಸಾವಿರಕ್ಕೆ ಸುಮಾರು 11 ಸಾವು, ಚಿಕಿತ್ಸೆಯಿಂದ ಹೊರಬಿದ್ದ ಅವಧಿಯಲ್ಲಿ 36. ಮಿತಿಮೀರಿದ ಸೇವನೆಯ ಸಾವನ್ನು ಮಾತ್ರ ನೋಡಿದರೆ 2.6 ಇದ್ದದ್ದು 12.7 ಆಗುತ್ತದೆ. ಅದರಲ್ಲೂ ಹೊರಬಿದ್ದ ಮೊದಲ ನಾಲ್ಕು ವಾರ ಅತಿ ಕೆಟ್ಟವು.

ಇನ್ನೊಂದು ಮಾತು, ಹೇಳಲು ಕಷ್ಟವಾದರೂ ಹೇಳಬೇಕು. ದೀರ್ಘಕಾಲ ಇಂಥ ಮದ್ದು ತೆಗೆದುಕೊಂಡವರಿಗೆ ಅದನ್ನು ಒಮ್ಮೆಲೇ ನಿಲ್ಲಿಸಿದಾಗ ತೀವ್ರ ಸಂಕಟ, ನೋವು ಮರುಕಳಿಸುವುದರ ಜೊತೆಗೆ ಆತ್ಮಹತ್ಯೆಯ ಪ್ರಕರಣಗಳೂ ಕಂಡಿವೆ ಎಂದು ಅಮೆರಿಕದ ಔಷಧ ನಿಯಂತ್ರಕರು 2019ರಲ್ಲಿ ವೈದ್ಯರನ್ನೇ ಎಚ್ಚರಿಸಿದರು. ಅಣ್ಣ ಈಗಾಗಲೇ ನಾಚಿಕೆಯಿಂದ ತಲೆ ತಗ್ಗಿಸಿದ್ದಾನೆ ಎಂದು ನೀವೇ ಬರೆದಿದ್ದೀರಿ. ಅದಕ್ಕೇ ಇದನ್ನು ಹೇಳಿದೆ.

ಪೆರ್ಲದ ಮಾವ

ಡಾಕ್ಟರೇ, ಹಾಗಾದರೆ ಜೀವಮಾನವಿಡೀ ಕುಡಿಯುತ್ತಲೇ ಇರಬೇಕೇ? ಇದು ಯಾವ ಸೀಮೆಯ ಚಿಕಿತ್ಸೆ?

ಮನೋವೈದ್ಯೆ, ದೇರಳಕಟ್ಟೆ

ಕೆಲವರು ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ, ಕೆಲವರು ಬಿಡುತ್ತಾರೆ. ಎರಡೂ ಸರಿಯೇ. ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ 1960ರ ದಶಕದಲ್ಲಿ ಆರಂಭಿಸಿದ ಚಿಕಿತ್ಸೆ ಇದು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದಲ್ಲಿ 2012ರಿಂದ ಆಯ್ದ ಕೆಲವು ಸರಕಾರಿ ಕೇಂದ್ರಗಳಲ್ಲಿದೆ. ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡವನಿಗೆ ಅಮಲು ಏರುವುದಿಲ್ಲ. ಅವನು ಗೋದಾಮಿನಲ್ಲಿ ದುಡಿಯುತ್ತಾನೆ, ಮನೆಗೆ ಹಣ ಕಳುಹಿಸುತ್ತಾನೆ. ಆರು ವರ್ಷ ಮನೆಯವರಿಗೆ ಗೊತ್ತಾಗದೇ ಇದ್ದದ್ದು ಇದಕ್ಕೇ ಅಲ್ಲವೇ ಮಾವ?

ಬಿಡುವುದಾದರೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಬ್ರಿಟನ್ನಿನ ಪದ್ಧತಿಯಲ್ಲಿ ಸಾಮಾನ್ಯವಾಗಿ ಒಂದು ಅಥವಾ ಎರಡು ವಾರಕ್ಕೆ 5 ಮಿಲಿಗ್ರಾಂ ಇಳಿಸುತ್ತಾರೆ. ಕೊನೆಯ ಕೆಲವು ಮೆಟ್ಟಿಲುಗಳೇ ಹೆಚ್ಚು ಕಷ್ಟ, ಅಲ್ಲಿ ಇನ್ನೂ ನಿಧಾನ. ಬೇಡವೆನಿಸಿದರೆ ನಡುವೆ ತಡೆದು ನಿಲ್ಲಬಹುದು. 70ರಿಂದ ಸೊನ್ನೆಗೆ ಬರಲು ತಿಂಗಳುಗಳೇ ಬೇಕು. ಇದನ್ನು ಓದಿ ಮನೆಯಲ್ಲಿ ಅಳೆದು ಇಳಿಸಲು ಹೊರಡಬೇಡಿ, ಜೊತೆಯಲ್ಲಿ ನೋಡುವ ವೈದ್ಯರು ಇರಲೇಬೇಕು.

ಶಾರ್ಜಾದಿಂದ ಕುಂಬಳೆಯವನು

ಇಲ್ಲಿ ನಮ್ಮ ಕಂಪನಿಗೆ ಕೆನಡಾದಿಂದ ಬಂದ ಒಬ್ಬರಿಗೆ ಇದೇ ಆಗಿತ್ತು. ಯುಎಇಯಲ್ಲಿ ಮೆಥಡೋನ್ ನಿಯಂತ್ರಿತ ಮದ್ದು, ಆರೋಗ್ಯ ಸಚಿವಾಲಯದ ಅನುಮತಿಯನ್ನು ಮೊದಲೇ ಪಡೆಯದೆ ತಂದರೆ ಜೈಲು ಪಾಲಾಗಬಹುದು. ಅವರಿಗೆ ಅದು ತಿಳಿದದ್ದು ಹೊರಡುವ ಹಿಂದಿನ ದಿನ. ಹೆದರಿ ಎಲ್ಲವನ್ನೂ ಸಿಂಕಿಗೆ ಸುರಿದು ವಿಮಾನ ಹತ್ತಿದರು. ಮೂರನೆಯ ದಿನ ಕಚೇರಿಯಲ್ಲೇ ಕುಸಿದರು. ಏನಾಗಿದೆ ಎಂದು ಆಸ್ಪತ್ರೆಯಲ್ಲಿ ಹೇಳಲೂ ಹೆದರಿಕೆ. ತಮ್ಮಾ, ನಿನ್ನ ಅಣ್ಣ ವಾಪಸು ಹೋಗುವಾಗ ದುಬೈ ಮೂಲಕ ಹೋಗುವುದಾದರೆ ಈ ಅನುಮತಿಯ ವಿಷಯ ಈಗಲೇ ನೋಡಿಕೊಳ್ಳಿ.

ಮದ್ದಿನಂಗಡಿ, ಬದಿಯಡ್ಕ

ತಮ್ಮಾ, ಬಾಟಲಿ ಖಾಲಿಯಾದ ಮೇಲೆ ಅಂಗಡಿ ಅಂಗಡಿ ಅಲೆಯಬೇಡ. ನಮ್ಮಂಥವರ ಬಳಿ ಇದು ಇರುವುದಿಲ್ಲ. 1985ರ ಮಾದಕವಸ್ತು ಕಾಯಿದೆಗೆ 2014ರಲ್ಲಿ ತಿದ್ದುಪಡಿ ಆದ ಮೇಲೆ ಮೆಥಡೋನ್, ಮಾರ್ಫಿನ್ ಮೊದಲಾದವು "ಅಗತ್ಯ ಮಾದಕ ಔಷಧ"ಗಳ ಪಟ್ಟಿಗೆ ಬಂದವು. ಸಾಮಾನ್ಯವಾಗಿ ಮಾನ್ಯತೆ ಪಡೆದ ಚಿಕಿತ್ಸಾ ಸಂಸ್ಥೆಗಳಲ್ಲೇ ಸಿಗುತ್ತದೆ. ಯಾರಾದರೂ "ಅದರ ಬದಲಿಗೆ ಟ್ರಮಡಾಲ್ ತೆಗೆದುಕೋ" ಎಂದರೆ ಕಿವಿಗೆ ಹಾಕಿಕೊಳ್ಳಬೇಡ. 2018ರಿಂದ ಅದೂ ಅದೇ ಕಾಯಿದೆಯೊಳಗಿದೆ, ಹೆಚ್ಚಾದರೆ ಅಪಸ್ಮಾರ ಬರುತ್ತದೆ. ನಿದ್ದೆ ಮಾತ್ರೆ, ಹೆಂಡ ಇವುಗಳನ್ನು ಜೊತೆಗೆ ಸೇರಿಸಿದರೆ ಉಸಿರಿಗೇ ಸಂಚಕಾರ.

ಯಾರೂ ಹೇಳದ ಇನ್ನೊಂದು ಸಂಗತಿ ಇದೆ. ಮದ್ದು ನಿಲ್ಲಿಸದೆಯೂ ನಿಲ್ಲಿಸಿದ ಹಾಗಾಗುವುದುಂಟು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರಕ್ಕೆ ಕೊಡುವ ಫೆನಿಟೋಯಿನ್, ಕಾರ್ಬಮಜೆಪಿನ್ ಇವೆಲ್ಲ ಯಕೃತ್ತನ್ನು ಚುರುಕಾಗಿಸಿ ಮೆಥಡೋನನ್ನು ಬೇಗ ಖಾಲಿ ಮಾಡಿಬಿಡುತ್ತವೆ. ದಿನವೂ ಸರಿಯಾಗಿ ಕುಡಿದರೂ ಸಂಕಟ ಶುರುವಾಗುತ್ತದೆ. ತಿರುಗಿ ಆ ಮಾತ್ರೆಗಳನ್ನು ನಿಲ್ಲಿಸಿದಾಗ ಮೆಥಡೋನ್ ರಕ್ತದಲ್ಲಿ ಏರುತ್ತದೆ, ಅದು ಇನ್ನೊಂದು ಅಪಾಯ. ಆದ್ದರಿಂದ ಜ್ವರಕ್ಕೆ, ಕೆಮ್ಮಿಗೆ ಯಾವ ವೈದ್ಯರಲ್ಲಿಗೆ ಹೋದರೂ ಬಾಯಿಬಿಟ್ಟು ಹೇಳಬೇಕು.

ಟೀಚರ್, ನೀರ್ಚಾಲು

ಮೆಥಡೋನ್ ಎಂದರೆ ಚಟದವರ ಮದ್ದು ಎಂದುಕೊಂಡವರಿಗೆ ಒಂದು ಮಾತು. ನನ್ನ ಅಮ್ಮ ಕ್ಯಾನ್ಸರ್ ನೋವಿಗೆ ಇದನ್ನೇ ತೆಗೆದುಕೊಳ್ಳುತ್ತಿದ್ದರು. ಕಿಡ್ನಿ ದುರ್ಬಲವಾಗಿದ್ದುದರಿಂದ ಮಾರ್ಫಿನ್ ಹೊಂದಲಿಲ್ಲ. ಮದ್ದು ಬರುತ್ತಿದ್ದದ್ದು ಮಂಗಳೂರಿನಿಂದ. 2020ರ ಮಾರ್ಚಿನಲ್ಲಿ ತಲಪಾಡಿಯ ರಸ್ತೆಗೆ ಮಣ್ಣು ಸುರಿದು ಕರ್ನಾಟಕ-ಕೇರಳ ಗಡಿ ಮುಚ್ಚಿದ್ದು ನಿಮಗೆಲ್ಲ ನೆನಪಿದೆಯಲ್ಲ? ಆಂಬುಲೆನ್ಸುಗಳೇ ಹಿಂದಿರುಗುತ್ತಿದ್ದವು, ಮಾತ್ರೆಯ ಮಾತು ಯಾರು ಕೇಳುತ್ತಾರೆ. ನಾನು ಡಬ್ಬಿಯನ್ನು ಅಲುಗಾಡಿಸಿ ಅಲುಗಾಡಿಸಿ ಎಣಿಸುತ್ತಿದ್ದೆ. ಅಮ್ಮನಿಗೆ ಗೊತ್ತಾಗಬಾರದೆಂದು ಅರ್ಧ ಮಾತ್ರೆ ಮಾಡಿ ಕೊಡೋಣವೇ ಎಂದು ಅಪ್ಪ ಕೇಳಿದರು.

ಕೊನೆಗೆ ನಮ್ಮ ಪಂಚಾಯತಿನ ಪಾಲಿಯೇಟಿವ್ (ನೋವು ತಗ್ಗಿಸುವ ಆರೈಕೆಯ) ಸಿಸ್ಟರಿಗೆ ಫೋನ್ ಮಾಡಿದೆವು. ಅವರು ವೈದ್ಯರನ್ನು ಸಂಪರ್ಕಿಸಿ ಕೇರಳದ ಈ ಕಡೆಯಿಂದಲೇ ಮದ್ದು ತರಿಸಿದರು. ಚೀಟಿ, ಸೂಚನೆ ಎಲ್ಲವೂ ಮಲಯಾಳದಲ್ಲಿದ್ದವು, ಪಕ್ಕದ ಮನೆಯ ಹುಡುಗಿ ಓದಿ ಹೇಳಿದಳು. (ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಲು ಏನು ಕಷ್ಟವೋ, ಇರಲಿ, ಅದು ಬೇರೆಯೇ ಚರ್ಚೆ.) ಅಮ್ಮನಿಗೆ ಒಂದು ಹೊತ್ತೂ ತಪ್ಪಲಿಲ್ಲ.

ಸಿಸ್ಟರ್, ಮುಳ್ಳೇರಿಯ

ಟೀಚರ್, ಅರ್ಧ ಮಾತ್ರೆಯ ಯೋಚನೆ ಬಹಳ ಮನೆಗಳಲ್ಲಿ ಬರುತ್ತದೆ. ಮೆಥಡೋನಿನಿಂದ ಮಾರ್ಫಿನ್ನಿಗೆ, ಮಾರ್ಫಿನ್ನಿನಿಂದ ಮೆಥಡೋನಿಗೆ ಬದಲಿಸುವ ಲೆಕ್ಕ ಇಷ್ಟಕ್ಕೆ ಇಷ್ಟು ಎಂಬ ನೇರ ಲೆಕ್ಕವಲ್ಲ, ಪಳಗಿದ ವೈದ್ಯರೂ ಎರಡು ಸಲ ನೋಡುತ್ತಾರೆ. ಫೋನ್ ಮಾಡಿ, ರಾತ್ರಿಯಾದರೂ ಮಾಡಿ. ಬೈಸಿಕೊಳ್ಳುವುದು ನಮಗೆ ಅಭ್ಯಾಸವಾಗಿದೆ.

ಹೊಸಂಗಡಿಯವನು

ಇಷ್ಟು ಹೊತ್ತು ಓದುತ್ತಿದ್ದೆ. ನಾನು ಮೆಥಡೋನ್ ಅಲ್ಲ, ಅದೇ ಚಟಕ್ಕೆ ಕೊಡುವ ಬುಪ್ರೆನಾರ್ಫಿನ್ ತೆಗೆದುಕೊಳ್ಳುವವನು, ನಾಲಿಗೆಯ ಅಡಿಯಲ್ಲಿ ಇಟ್ಟು ಕರಗಿಸುವ ಮಾತ್ರೆ. ನಮ್ಮ ದೇಶದಲ್ಲಿ ಹೆಚ್ಚು ಸಿಗುವುದು ಇದೇ.

ಮಾವ, ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ "ಮನಸ್ಸು ಗಟ್ಟಿ ಮಾಡು" ಎಂದು ನನ್ನ ಗೆಳೆಯನಿಗೆ ಮನೆಯವರೆಲ್ಲ ಹೇಳಿದ್ದರು. ಅವನು ಗಟ್ಟಿಯೂ ಮಾಡಿದ. ಮೂರು ವಾರ ಮುಟ್ಟಲಿಲ್ಲ, ಮುಖದಲ್ಲಿ ಕಳೆ ಬಂದಿತ್ತು, ಅವನ ಅತ್ತಿಗೆ ಪಾಯಸ ಮಾಡಿ ಬಡಿಸಿದ್ದರು. ಆಮೇಲೆ ಒಂದು ಸಂಜೆ ಹಳೆಯ ಲೆಕ್ಕದಷ್ಟೇ ಚುಚ್ಚಿಕೊಂಡ. ಸ್ನಾನದ ಮನೆಯ ಬಾಗಿಲು ಒಡೆಯಬೇಕಾಯಿತು. ಡಾಕ್ಟರು ಮೇಲೆ ಬರೆದದ್ದನ್ನು ಅಂದು ಯಾರಾದರೂ ಅವನಿಗೆ ಹೇಳಿದ್ದರೆ ಎಂದು ಅನಿಸುತ್ತದೆ. ಯಾರಿಗೂ ಗೊತ್ತಿರಲಿಲ್ಲ, ಅವನಿಗೂ.

ತಮ್ಮಾ, ಅಣ್ಣನಿಗೆ ಇದನ್ನು ಹೆದರಿಸಲು ಹೇಳಬೇಡ. ಎದುರು ಕೂತು ಹೇಳು. ಒಂದು ವೇಳೆ ಕೆಲವು ದಿನ ಮದ್ದು ತಪ್ಪಿತು ಎಂದಾದರೆ ಮೊದಲಿನಷ್ಟು ಮತ್ತೆ ಕುಡಿಯಬಾರದು, ಮೊದಲು ವೈದ್ಯರನ್ನು ಕೇಳಬೇಕು ಎಂಬುದು ಅವನಿಗೆ ಬಾಯಿಪಾಠವಾಗಿರಲಿ.

ಮನೋವೈದ್ಯೆ, ದೇರಳಕಟ್ಟೆ

ಹೊಸಂಗಡಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ಸತತ ಮೂರು ದಿನ ತಪ್ಪಿದರೆ ಹಳೆಯ ಪ್ರಮಾಣ ಕೊಡುವ ಮೊದಲು ಕ್ಲಿನಿಕ್ಕುಗಳೇ ತಡೆದು ಪರೀಕ್ಷಿಸುತ್ತವೆ.

ತಮ್ಮಾ, ಇನ್ನು ನಿಮ್ಮ ವಿಷಯ. ಎರಡು ವಾರ ಎಂದರೆ ಸಮಯ ಇದೆ, ಆದರೆ ಹೆಚ್ಚಿಲ್ಲ. ಇಂದೇ ಇಂಗ್ಲೆಂಡಿನ ಕ್ಲಿನಿಕ್ಕಿಗೆ ಅಣ್ಣನೇ ಮಾತನಾಡಲಿ. ಎಷ್ಟು ವರ್ಷ, ಎಷ್ಟು ಪ್ರಮಾಣ, ಇಸಿಜಿ ಹೇಗಿತ್ತು ಎಂಬ ವಿವರಗಳ ಪತ್ರವನ್ನು ಇಮೇಲ್ ಮಾಡಿಸಿಕೊಳ್ಳಲಿ. ನಂತರ ಇಲ್ಲಿ ಮನೋವೈದ್ಯರ ಭೇಟಿ. ಕಾಸರಗೋಡು ಜಿಲ್ಲೆಯವರಿಗೆ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿ ಕೇರಳ ಸರಕಾರದ ಚಟ ಬಿಡಿಸುವ ವಿಮುಕ್ತಿ ಯೋಜನೆಯ ಕೇಂದ್ರ ಇದೆ. ಮಂಗಳೂರು ಹತ್ತಿರವಾದರೆ ಅಲ್ಲಿಯೂ ವೈದ್ಯಕೀಯ ಕಾಲೇಜುಗಳಿವೆ, ದೂರಕ್ಕೆ ಹೋಗುವುದಾದರೆ ಬೆಂಗಳೂರಿನ ನಿಮ್ಹಾನ್ಸ್. ಹೊರಡುವ ಮೊದಲು ಫೋನಿನಲ್ಲಿ "ಮೆಥಡೋನ್, 70 ಮಿಲಿಗ್ರಾಂ" ಎಂದು ಸ್ಪಷ್ಟವಾಗಿ ಹೇಳಿ ಕೇಳಿ. ಮಾದಕ ಚಟದ ವಿಷಯಕ್ಕೆ ಸರಕಾರದ ಉಚಿತ ಸಹಾಯವಾಣಿ 14446, ಮನಸ್ಸು ತೀರಾ ಕುಗ್ಗಿದರೆ ಟೆಲಿ ಮಾನಸ್ 14416, ಕನ್ನಡದಲ್ಲಿಯೂ ಮಾತನಾಡಬಹುದು.

ಬಹುಶಃ ಇಲ್ಲಿನ ವೈದ್ಯರು ಬುಪ್ರೆನಾರ್ಫಿನ್‌ಗೆ ಬದಲಿಸುವ ಮಾತೆತ್ತುತ್ತಾರೆ. ಅದು ಒಳ್ಳೆಯ ದಾರಿ, ಆದರೆ ಅವಸರದ ದಾರಿಯಲ್ಲ. ಮೆಥಡೋನ್ ದೇಹದಲ್ಲಿ ತುಂಬಿರುವಾಗ ಅದನ್ನು ಕೊಟ್ಟರೆ ಸಂಕಟ ಒಂದೇ ಏಟಿಗೆ ಮೇಲೆದ್ದು ಬರುತ್ತದೆ. ಸಾಮಾನ್ಯವಾಗಿ ಮೆಥಡೋನನ್ನು 30ರ ಆಸುಪಾಸಿಗೆ ಇಳಿಸಿ, ಒಂದು ದಿನಕ್ಕಿಂತ ಹೆಚ್ಚು ಕಾದು ಆರಂಭಿಸುತ್ತಾರೆ. ಅತಿ ಸಣ್ಣ ಪ್ರಮಾಣದಲ್ಲಿ ತೊಡಗಿ ಕೆಲವು ದಿನ ಎರಡನ್ನೂ ಜೊತೆಯಲ್ಲಿ ಕೊಡುವ ವಿಧಾನವೂ ಇದೆ. ಬೇಕಾದರೆ ಒಳರೋಗಿಯಾಗಿ ಸೇರಿಸಿಕೊಳ್ಳುತ್ತಾರೆ, ಬೇಡ ಎನ್ನಬೇಡಿ.

ಎಚ್ಚರವಿರಲಿ, ಕುಡಿತ ಬಿಡಿಸಲು ಕೊಡುವ ನಾಲ್ಟ್ರೆಕ್ಸೋನ್ ಮಾತ್ರೆಯನ್ನು ಯಾರಾದರೂ ಒಳ್ಳೆಯ ಮನಸ್ಸಿನಿಂದ ಅಣ್ಣನಿಗೆ ಕೊಟ್ಟರೆ ಅನಾಹುತವೇ ಆಗುತ್ತದೆ. ಅದು ಮೆಥಡೋನನ್ನು ಮಿದುಳಿನಲ್ಲಿ ಅಂಟಿಕೊಂಡ ಜಾಗಗಳಿಂದ ಕಿತ್ತು ಹಾಕುವ ಮದ್ದು.

ಸುಬ್ಬಕ್ಕ, ಪೈವಳಿಕೆ

ಗರ್ಭಿಣಿಯರ ವಿಷಯದಲ್ಲಿ ಹೇಗೆ ಡಾಕ್ಟರೇ? ಗೊತ್ತಿರುವವರ ಸೊಸೆ ಹೊರದೇಶದಿಂದ ಬಂದಿದ್ದಾಳೆ, ಮಗುವಿಗೆ ತೊಂದರೆಯಾಗಬಾರದೆಂದು ಬಿಡುತ್ತೇನೆ ಎನ್ನುತ್ತಾಳಂತೆ.

ಮನೋವೈದ್ಯೆ, ದೇರಳಕಟ್ಟೆ

ಅಕ್ಕಾ, ದಯವಿಟ್ಟು ತಡೆಯಿರಿ. ಬಸುರಿನಲ್ಲಿ ಒಮ್ಮೆಲೇ ನಿಲ್ಲಿಸಿದರೆ ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ ಆಗುವ ಅಪಾಯವಿದೆ. ಮುಂದುವರಿಸುವುದೇ ಕ್ಷೇಮ, ಕೆಲವೊಮ್ಮೆ ಪ್ರಮಾಣ ಹೆಚ್ಚಿಸಬೇಕಾಗಿಯೂ ಬರುತ್ತದೆ. ಹುಟ್ಟಿದ ಮಗುವಿಗೆ ಕೆಲವು ದಿನ ನಡುಕ, ಅಳು ಇರಬಹುದು, ಅದಕ್ಕೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಇದೆ. ಹೆರಿಗೆ ವೈದ್ಯರಿಗೆ ಮೊದಲೇ ತಿಳಿಸಿರಬೇಕು.

ಪೆರ್ಲದ ಮಾವ

ಚಿರತೆಯ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆ ಮದ್ದಿನ ಮೇಲೆ ನನಗೆ ಇನ್ನೂ ಪ್ರೀತಿ ಹುಟ್ಟಿಲ್ಲ. ಆದರೆ ತಮ್ಮಾ, ದೈವದ ಎದುರು "ಇಂದಿನಿಂದ ಬಿಟ್ಟೆ" ಎಂದೇ ಮಾತು ಕೊಡಬೇಕೆಂದು ಎಲ್ಲಿದೆ? "ವೈದ್ಯರು ಹೇಳಿದ ಹಾಗೆ ನಡೆಯುತ್ತೇನೆ" ಎಂದೂ ಕೊಡಬಹುದು. ನಿನ್ನ ಅಪ್ಪನಿಗೆ ನಾನು ಬೇಕಾದರೆ ಹೇಳುತ್ತೇನೆ, ನಂಬರ್ ಕಳುಹಿಸು. ನೀಲೇಶ್ವರಕ್ಕೆ ಹೋಗುವುದಾದರೆ ನನ್ನ ಕಾರಿದೆ.

ಉಪ್ಪಳದ ತಮ್ಮ

ಮಾವ, ನಂಬರ್ ಕಳುಹಿಸಿದ್ದೇನೆ. ಎಲ್ಲವನ್ನೂ ಅಣ್ಣನಿಗೆ ಓದಿಸಿದೆ. ಹೊಸಂಗಡಿಯವರು ಬರೆದದ್ದನ್ನು ಓದಿ ಎದ್ದು ಅಂಗಳಕ್ಕೆ ಹೋದ, ಬಹಳ ಹೊತ್ತಿನ ಮೇಲೆ ಬಂದು ಕ್ಲಿನಿಕ್ಕಿಗೆ ಫೋನ್ ಮಾಡಿದ. ಪತ್ರ ನಾಳೆ ಬರುತ್ತದೆಯಂತೆ, ಇಲ್ಲಿ ಸೋಮವಾರ ವೈದ್ಯರನ್ನು ಕಾಣುತ್ತೇವೆ. ನೇಮದ ದಿನವೂ ಎಂದಿನಂತೆ ಕುಡಿಯುತ್ತಾನೆ.

ಒಂದು ಪ್ರಶ್ನೆ ಉಳಿದಿದೆ. ಅಣ್ಣನಿಗೆ ಎರಡು ದಿನದಿಂದ ಹಲ್ಲುನೋವು. ಸೋಮವಾರದವರೆಗೆ ತಡೆಯಲಾರ, ಹತ್ತಿರದ ಕ್ಲಿನಿಕ್ಕಿನಲ್ಲಿ ನೋವಿನ ಚುಚ್ಚುಮದ್ದು ಹಾಕಿಸಬಹುದೇ? ಮನೆಯಲ್ಲಿ ಅಕ್ಕನ ಸಣ್ಣ ಮಕ್ಕಳೂ ಇದ್ದಾರೆ, ಬಾಟಲಿಯನ್ನು ಎಲ್ಲಿಡುವುದು?

ಮನೋವೈದ್ಯೆ, ದೇರಳಕಟ್ಟೆ

ಪೆಂಟಾಜೋಸಿನ್, ಬ್ಯುಟಾರ್ಫನಾಲ್ ಚುಚ್ಚುಮದ್ದು ಬೇಡವೇ ಬೇಡ, ಅವೂ ನಾಲ್ಟ್ರೆಕ್ಸೋನಿನ ಹಾಗೆ ಸಂಕಟವನ್ನು ಎಬ್ಬಿಸುತ್ತವೆ. ಬೇರೆ ತೊಂದರೆಗಳಿಲ್ಲದಿದ್ದರೆ ಪ್ಯಾರಾಸಿಟಮಾಲ್ ಸಾಕು. ದಂತವೈದ್ಯರಿಗೆ ಮೆಥಡೋನ್ ವಿಷಯ ಹೇಳಿಯೇ ಬಾಯಿ ತೆರೆಯಬೇಕು, ಆ್ಯಂಟಿಬಯಾಟಿಕ್ ಬರೆಯುವ ಮುನ್ನ ಅವರಿಗೆ ಅದು ತಿಳಿದಿರಬೇಕು. ಎರಿಥ್ರೊಮೈಸಿನ್, ಸಿಪ್ರೊಫ್ಲಾಕ್ಸಸಿನ್‌ನಂಥವು ಮೆಥಡೋನನ್ನು ರಕ್ತದಲ್ಲಿ ಏರಿಸುತ್ತವೆ.

ಬಾಟಲಿ ಬೀಗ ಹಾಕುವ ಕಪಾಟಿನಲ್ಲಿರಲಿ, ಫ್ರಿಜ್ಜಿನಲ್ಲಿ ಬೇಡ. ಹಸಿರು ಶರಬತ್ತು ಎಂದುಕೊಂಡು ಮಗು ಒಂದೆರಡು ಗುಟುಕು ಕುಡಿದರೂ ಪ್ರಾಣಕ್ಕೆ ಬರುತ್ತದೆ. ಅಳತೆಯ ಲೋಟವನ್ನೂ ಕೂಡಲೇ ತೊಳೆಯಿರಿ. ಹಾಗೇನಾದರೂ ಆದರೆ, ಮಗು ಆಟವಾಡುತ್ತಿದ್ದರೂ ಸರಿ, ಲಕ್ಷಣಕ್ಕೆ ಕಾಯದೆ 108ಕ್ಕೆ ಕರೆ ಮಾಡಿ ಬಾಟಲಿಯ ಸಮೇತ ಆಸ್ಪತ್ರೆಗೆ ಹೋಗಿ.